ಕೆಲಸ ಬಿಟ್ಟು ಕನ್ಸಲ್ಟೆಂಟ್ ಆಗುವವರು ದಿನಕ್ಕೆ ಎಷ್ಟು ಕೇಳಬೇಕು?

ಪ್ರಶ್ನೆ: ನನಗೆ 41 ವರ್ಷ, ಮೆಕ್ಯಾನಿಕಲ್ ಎಂಜಿನಿಯರ್. ಪೀಣ್ಯದಲ್ಲಿ ವಾಹನ ಬಿಡಿಭಾಗ ತಯಾರಿಸುವ ಕಂಪನಿಯೊಂದರ ಕ್ವಾಲಿಟಿ ವಿಭಾಗದಲ್ಲಿ 14 ವರ್ಷದಿಂದ ಇದ್ದೇನೆ, ಈಗ ಮ್ಯಾನೇಜರ್. ಸಿಟಿಸಿ (ಕಂಪನಿ ನನಗಾಗಿ ಮಾಡುವ ಒಟ್ಟು ಖರ್ಚು) ವರ್ಷಕ್ಕೆ 18 ಲಕ್ಷ. ಕೆಲಸ ಬಿಟ್ಟು ಸಣ್ಣ ಕಾರ್ಖಾನೆಗಳಿಗೆ ಕ್ವಾಲಿಟಿ ಕನ್ಸಲ್ಟೆಂಟ್ ಆಗುವ ಯೋಚನೆ ಇದೆ. ನಮಗೆ ಮಾಲು ಕೊಡುವ ಇಬ್ಬರು ಸಪ್ಲೈಯರ್ ಮಾಲೀಕರು "ನೀವು ಹೊರಗೆ ಬನ್ನಿ ಸಾರ್, ನಮ್ಮ ಕೆಲಸ ನಿಮಗೇ" ಅಂದಿದ್ದಾರೆ. ಈಗಿನ ಕಂಪನಿಯೂ ತಿಂಗಳಿಗೆ ಇಷ್ಟು ಅಂತ ರಿಟೇನರ್ ಕೊಡುವ ಮಾತಾಡಿದೆ. ದಿನಕ್ಕೆ 7,500 ಕೇಳಿದರೆ ಸಾಕೇ? ಪ್ರೈವೇಟ್ ಲಿಮಿಟೆಡ್ ಮಾಡಬೇಕೇ? ಜಿಎಸ್‌ಟಿ ಬೇಕೇ? ಎಲ್ಲಿಂದ ಶುರು ಮಾಡಲಿ?

ಉತ್ತರ: 7,500 ಸಾಲದು. ಆ ಅಂಕಿ ಎಲ್ಲಿಂದ ಬಂತು ಅನ್ನುವುದು ಊಹಿಸಲು ಕಷ್ಟವಲ್ಲ: 18 ಲಕ್ಷವನ್ನು 240 ಕೆಲಸದ ದಿನಗಳಿಂದ ಭಾಗಿಸಿದ್ದೀರಿ. ಸಂಬಳದವರ ಲೆಕ್ಕ ಅದು. ಸಂಬಳದಲ್ಲಿ ಮೀಟಿಂಗಿನಲ್ಲಿ ಕೂತ ದಿನಕ್ಕೂ ದುಡ್ಡು ಬರುತ್ತದೆ, ಜ್ವರ ಬಂದು ಮಲಗಿದ ದಿನಕ್ಕೂ ಬರುತ್ತದೆ. ಕನ್ಸಲ್ಟೆಂಟಿಗೆ ಬಿಲ್ ಹಾಕಿದ ದಿನಕ್ಕಷ್ಟೇ ಬರುತ್ತದೆ.

ಲೆಕ್ಕ ಹೀಗೆ ಹಾಕಿ. 365 ದಿನದಲ್ಲಿ 52 ಭಾನುವಾರ, 12 ಹಬ್ಬದ ರಜೆ, ನಿಮ್ಮ ಕಾಯಿಲೆ-ಕಸಾಲೆ, ಮದುವೆ-ಮುಂಜಿಗೆ ಒಂದು 15 ದಿನ ಕಳೆದರೆ 286 ಉಳಿಯುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಕೆಲಸ ಹುಡುಕಲು, ಕೊಟೇಶನ್ ಬರೆಯಲು, ದುಡ್ಡಿಗೆ ಓಡಾಡಲು, ವರದಿ ಟೈಪ್ ಮಾಡಲು, ಹೊಸದು ಕಲಿಯಲು ಹೋಗುತ್ತದೆ. ಚೆನ್ನಾಗಿ ನೆಲೆಯೂರಿದ ಮೇಲೂ ವರ್ಷಕ್ಕೆ 110 ದಿನದ ಬಿಲ್ ಎಂದು ಹಿಡಿಯಿರಿ. ಮೊದಲ ವರ್ಷ 60 ದಿನ ಸಿಕ್ಕರೆ ಸಮಾಧಾನಪಡಬೇಕು.

ಇನ್ನು ಖರ್ಚು. ಮನೆಮಂದಿಯ ಆರೋಗ್ಯ ವಿಮೆ, ಲೆಕ್ಕಪತ್ರದವರ ಫೀಸು, ಪೆಟ್ರೋಲು, ಲ್ಯಾಪ್‌ಟಾಪ್ ಸವಕಳಿ, ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ಬಾಡಿಗೆ, ಸ್ಟ್ಯಾಂಡರ್ಡ್ ಪುಸ್ತಕಗಳ ಅಧಿಕೃತ ಪ್ರತಿ, ವಸೂಲಾಗದೆ ಮುಳುಗುವ ಒಂದೆರಡು ಬಿಲ್ಲು, ಎಲ್ಲ ಸೇರಿ ಎರಡೂವರೆ ಲಕ್ಷ ಹಿಡಿಯಿರಿ. ಈಗಿನ 18 ಲಕ್ಷದಲ್ಲಿ ಕಂಪನಿ ಕಟ್ಟುವ ಪಿಎಫ್ ಪಾಲು ಸೇರಿರುವುದರಿಂದ ಅದನ್ನು ಮತ್ತೆ ಕೂಡಿಸಬೇಡಿ. 20.5 ಲಕ್ಷವನ್ನು 110ರಿಂದ ಭಾಗಿಸಿದರೆ ದಿನಕ್ಕೆ 18,600 ಚಿಲ್ಲರೆ. 18,500 ಎಂದಿಟ್ಟುಕೊಳ್ಳಿ. ಇದೇ ದರದಲ್ಲಿ ಮೊದಲ ವರ್ಷದ 60 ದಿನಕ್ಕೆ 11 ಲಕ್ಷ ಆಗುತ್ತದೆ, ಅದೂ ಎರಡು ಮೂರು ತಿಂಗಳು ತಡವಾಗಿ ಕೈಸೇರುತ್ತದೆ. ಹಾಗಾಗಿ ಒಂಬತ್ತು ತಿಂಗಳ ಮನೆಖರ್ಚು, ಇಎಂಐ ಸಮೇತ, ಬೇರೆ ಖಾತೆಯಲ್ಲಿ ಇಲ್ಲದೆ ರಾಜೀನಾಮೆ ಪತ್ರ ಬರೆಯಬೇಡಿ.

ದಿನದ ದರವನ್ನು ಬಾಯಿಬಿಟ್ಟು ಹೇಳಬೇಡಿ

ನಲವತ್ತು ಜನ ಕೆಲಸಗಾರರಿರುವ ಮಷಿನ್ ಶಾಪ್ ಮಾಲೀಕರಿಗೆ "ದಿನಕ್ಕೆ ಹದಿನೆಂಟೂವರೆ ಸಾವಿರ" ಅಂದರೆ ಅವರು ತಮ್ಮ ಸೂಪರ್‌ವೈಸರ್ ಸಂಬಳಕ್ಕೆ ಹೋಲಿಸಿ ನೋಡುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಆ ದರ ನಿಮ್ಮ ಡೈರಿಯಲ್ಲಿರಲಿ. ಅವರ ಮುಂದೆ ಅವರ ನಷ್ಟದ ಅಂಕಿ ಇಡಿ.

ಒಂದು ಉದಾಹರಣೆ. ತಿಂಗಳಿಗೆ 20,000 ಪೀಸ್ ಮಾಡುವ ಶಾಪ್. ಬೋರ್ (ಪೀಸಿನೊಳಗಿನ ತೂತು) ಅಳತೆ ತಪ್ಪಿ 4% ರಿಜೆಕ್ಷನ್, ಅಂದರೆ 800 ಪೀಸ್. ಆ ಹಂತಕ್ಕೆ ಬರುವಷ್ಟರಲ್ಲಿ ಪೀಸ್ ಒಂದಕ್ಕೆ ಕಚ್ಚಾ ಮಾಲು, ಹಿಂದಿನ ಆಪರೇಶನ್ ಎಲ್ಲ ಸೇರಿ 180 ರೂಪಾಯಿ ಬಿದ್ದಿರುತ್ತದೆ. ಗುಜರಿಗೆ ಹಾಕಿದರೆ 30 ವಾಪಸ್. ಒಂದಕ್ಕೆ 150ರಂತೆ ತಿಂಗಳಿಗೆ 1.2 ಲಕ್ಷ ಕಸದ ಡಬ್ಬಿಗೆ ಹೋಗುತ್ತಿದೆ. ಅದನ್ನು 1.5%ಕ್ಕೆ ಇಳಿಸಿದರೆ 500 ಪೀಸ್ ಉಳಿಯಿತು, ತಿಂಗಳಿಗೆ 75,000, ವರ್ಷಕ್ಕೆ 9 ಲಕ್ಷ. ನಿಮ್ಮ ಕೆಲಸ 12 ದಿನದ್ದು, ಒಟ್ಟು 2.25 ಲಕ್ಷ ಎಂದು ಒಂದೇ ಅಂಕಿ ಹೇಳಿ. ಮೂರು ತಿಂಗಳ ಉಳಿತಾಯದಲ್ಲಿ ಫೀಸು ಹುಟ್ಟಿತು ಅನ್ನುವುದನ್ನು ಮಾಲೀಕರು ತಾವೇ ಬಾಯಿಲೆಕ್ಕ ಹಾಕಿಕೊಳ್ಳುತ್ತಾರೆ.

"ಹಾಗಾದರೆ ಉಳಿತಾಯದಲ್ಲಿ ಹತ್ತು ಪರ್ಸೆಂಟ್ ತಗೊಳ್ಳಿ ಸಾರ್" ಎಂಬ ಮಾತು ಬರುತ್ತದೆ. ಒಪ್ಪಬೇಡಿ. ಎಣಿಸುವವರು ಅವರ ಜನ, ಉಳಿತಾಯಕ್ಕೆ ಸಾಕ್ಷಿ ಅವರ ರಿಜಿಸ್ಟರು. ನಡುವೆ ಕಾಸ್ಟಿಂಗ್ ಸಪ್ಲೈಯರ್ ಬದಲಾದರೆ, ಒಂದು ಷಿಫ್ಟ್ ನಿಂತರೆ, ಮೊದಲಿದ್ದ 4% ನಿಜವಾಗಿ 3 ಇತ್ತು ಎಂದು ಯಾರೋ ಅಂದರೆ ವಾದ ಶುರು.

ಈ ಅಂಕಿ ಸಿಗುವುದು ಹೇಗೆ? ಮೂರು ದಿನದ ತಪಾಸಣೆಯಿಂದ, 55,000 ರೂಪಾಯಿಗೆ. ಇದು ಪುಕ್ಕಟೆ ಅಲ್ಲ, ಮುಂಗಡ ತೆಗೆದುಕೊಂಡೇ ಒಳಗೆ ಹೋಗಬೇಕು. ಒಂದು ಗಂಟೆ ಶಾಪ್ ಸುತ್ತಿ ನೋಡಿ ಮಾತಾಡುವುದು ಪುಕ್ಕಟೆ ಇರಲಿ, ಅದಕ್ಕಿಂತ ಹೆಚ್ಚು ಬೇಡ. ಮೊದಲ ದಿನ ಕಳೆದ ಮೂರು ತಿಂಗಳ ರಿಜೆಕ್ಷನ್ ರಿಜಿಸ್ಟರ್ ಹಿಡಿದು, ಯಾವ ಪಾರ್ಟ್, ಯಾವ ಮಷಿನ್, ಯಾವ ಷಿಫ್ಟ್ ಅಂತ ಬಿಡಿಸಿ. ಎರಡನೇ ದಿನ ಗೇಜ್ (ಅಳೆಯುವ ಸಾಧನ) ನೋಡಿ. 10 ಪೀಸ್, 3 ಆಪರೇಟರ್, ತಲಾ 3 ಸಲ ಅಳತೆ. ಗೇಜ್ ಆರ್ ಅಂಡ್ ಆರ್, ಅಂದರೆ ಅಳತೆಯ ಏರುಪೇರಿನಲ್ಲಿ ಗೇಜ್ ಮತ್ತು ಅಳೆಯುವವರಿಂದಲೇ ಬರುವ ಪಾಲು, 10%ಗಿಂತ ಕಡಿಮೆ ಬಂದರೆ ಸರಿ, 30% ದಾಟಿದರೆ ಆ ಗೇಜ್ ಹೇಳಿದ ಯಾವ ಮಾತನ್ನೂ ನಂಬುವಂತಿಲ್ಲ. ಇದನ್ನು ಬಿಟ್ಟು ನೇರ ಮಷಿನ್ ಹತ್ತಿರ ಓಡುವವರು ಪೇಚಿಗೆ ಸಿಕ್ಕಿಕೊಳ್ಳುತ್ತಾರೆ: ಒಳ್ಳೆಯ ಪೀಸನ್ನು ಕೆಟ್ಟದ್ದೆಂದು ಎಸೆಯುತ್ತಿರುವುದು ಸವೆದ ಬೋರ್ ಗೇಜ್ ಆಗಿದ್ದರೆ, ಮಷಿನ್ನಿನ ಆಫ್‌ಸೆಟ್ (ಟೂಲ್ ನಿಲ್ಲುವ ಜಾಗ ಸರಿಪಡಿಸುವ ಅಂಕಿ) ಎಷ್ಟು ತಿದ್ದಿದರೂ ರಿಜೆಕ್ಷನ್ ಇಳಿಯುವುದಿಲ್ಲ, ಹೆಸರು ಕೆಡುವುದು ನಿಮ್ಮದು. ಮೂರನೇ ದಿನ ನಷ್ಟವನ್ನು ರೂಪಾಯಿಗೆ ಇಳಿಸಿ ನಾಲ್ಕು ಪುಟದ ವರದಿ. ಮಾಲೀಕರು ಕನ್ನಡದಲ್ಲಿ ಓದುವವರಾದರೆ ಕನ್ನಡದಲ್ಲೇ ಬರೆಯಿರಿ. ನಲವತ್ತು ಸ್ಲೈಡ್ ಯಾರೂ ನೋಡುವುದಿಲ್ಲ.

ಕೆಲಸದ ಗಡಿ

ಹೊಸಬರ ದುಡ್ಡು ಸೋರುವುದು ಇಲ್ಲೇ. ಕೊಟೇಶನ್‌ನಲ್ಲಿ "ಕ್ವಾಲಿಟಿ ಸುಧಾರಣೆಗೆ ನೆರವು" ಎಂದು ಬರೆದರೆ ಕಸ್ಟಮರ್ ಆಡಿಟ್ ಬಂದಾಗಲೂ ಫೋನ್ ನಿಮಗೇ, ಪಿಪಿಎಪಿ (ಪಾರ್ಟಿಗೆ ಕಸ್ಟಮರ್ ಒಪ್ಪಿಗೆ ಪಡೆಯುವ ದಾಖಲೆ) ಫೈಲ್ ತುಂಬುವುದೂ ನೀವೇ, ಹೊಸ ಇನ್‌ಸ್ಪೆಕ್ಟರ್ ಇಂಟರ್‌ವ್ಯೂ ಮಾಡುವುದೂ ನೀವೇ. ಹೀಗೆ ಬರೆಯಿರಿ: "ಮೂರನೇ ನಂಬರ್ ವಿಎಂಸಿ ಮಷಿನ್ನಿನಲ್ಲಿ ಆಗುವ ಇಂಥ ಪಾರ್ಟಿನ ಬೋರ್ ಅಳತೆಯ ರಿಜೆಕ್ಷನ್ ಮಾತ್ರ. 12 ಭೇಟಿ, ಹತ್ತು ವಾರ. ಕೊಡುವುದು: ಗೇಜ್ ಅಧ್ಯಯನದ ವರದಿ, ಪರಿಷ್ಕೃತ ಕಂಟ್ರೋಲ್ ಪ್ಲಾನ್ (ಯಾವ ಹಂತದಲ್ಲಿ ಏನನ್ನು ಹೇಗೆ ಪರೀಕ್ಷಿಸಬೇಕು ಎಂಬ ಪಟ್ಟಿ), ಆಪರೇಟರ್ ಮತ್ತು ಸೆಟ್ಟರ್‌ಗಳಿಗೆ ಎರಡು ಗಂಟೆಯ ಎರಡು ತರಬೇತಿ. ಸೇರದಿರುವುದು: ಆಡಿಟ್‌ಗೆ ಹಾಜರಿ, ಪಿಪಿಎಪಿ ದಾಖಲೆ, ಬೇರೆ ಪಾರ್ಟು. ಕಂಪನಿ ಕೊಡಬೇಕಾದ್ದು: ಪ್ರತಿ ಭೇಟಿಗೆ ಒಬ್ಬ ಎಂಜಿನಿಯರ್, ಟ್ರಯಲ್‌ಗೆ ಅರ್ಧ ಷಿಫ್ಟ್ ಮಷಿನ್." ಕೊನೆಯ ಸಾಲು ಮರೆಯಬೇಡಿ. ಡಿಸ್‌ಪ್ಯಾಚ್ ಒತ್ತಡದಲ್ಲಿ ಮಷಿನ್ ಬಿಟ್ಟುಕೊಡದೆ ಭೇಟಿ ವ್ಯರ್ಥವಾದರೆ ಅದೂ 12ರಲ್ಲಿ ಒಂದು ಎಂದು ಸೇರಿಸಿ.

ಹಣ 40-40-20. ಆರ್ಡರ್ ಜೊತೆ 40%, ಆರನೇ ಭೇಟಿಗೆ 40%, ಅಂತಿಮ ವರದಿ ಕೊಟ್ಟ ದಿನ 20%. "ಕೆಲಸ ತೃಪ್ತಿಕರವಾದ ಮೇಲೆ" ಎಂದು ಬರೆದುಕೊಂಡರೆ ಆ 20% ಮರೆತುಬಿಡಿ, ತೃಪ್ತಿಗೆ ತಾರೀಕು ಇಲ್ಲ.

ದೊಡ್ಡ ಕಂಪನಿಯ ಪರ್ಚೇಸ್ ಆರ್ಡರ್ ಆದರೆ ಹಿಂಬದಿಯ ಸಣ್ಣಕ್ಷರ ಓದಿ. ಲೈನ್ ನಿಂತ ನಷ್ಟಕ್ಕೂ ನೀವೇ ಹೊಣೆ ಎನ್ನುವ ಸಾಲು ಇರಬಹುದು. ಹೊಣೆ ಪಡೆದ ಫೀಸಿನ ಮೊತ್ತ ಮೀರದು ಎಂದು ತಿದ್ದಿಸಿಕೊಂಡ ಮೇಲೆ ಸಹಿ.

ಒಂದು ಮಾತು ಬದಿಗೆ: ಐಎಟಿಎಫ್ 16949 ಅಥವಾ ಐಎಸ್‌ಒ 9001 ಎಂಬ ಕ್ವಾಲಿಟಿ ವ್ಯವಸ್ಥೆಯ ಸರ್ಟಿಫಿಕೇಟ್ ಕೊಡಿಸುವ ಕೆಲಸ ಸುಲಭವಾಗಿ ಸಿಗುತ್ತದೆ, ಅಷ್ಟೇ ಬೇಗ ದರ ಕುಸಿಯುತ್ತದೆ, ಯಾಕೆಂದರೆ ಫೈಲ್ ನಕಲು ಮಾಡಿಕೊಡುವವರು ಬೀದಿಗೊಬ್ಬರು. ಜೊತೆಗೆ ಸರ್ಟಿಫಿಕೇಶನ್ ಸಂಸ್ಥೆಗಳಿಗೆ ಆಡಿಟರ್ ಆಗುವ ಆಸೆಯಿದ್ದರೆ ನೆನಪಿಡಿ, ನೀವು ಸಲಹೆ ಕೊಟ್ಟ ಕಾರ್ಖಾನೆಯನ್ನು ಎರಡು ವರ್ಷದೊಳಗೆ ನೀವೇ ಆಡಿಟ್ ಮಾಡುವಂತಿಲ್ಲ.

ಪ್ರೈವೇಟ್ ಲಿಮಿಟೆಡ್ ಬೇಡ

ಒಬ್ಬರೇ ಇರುವಾಗ ಪ್ರೊಪ್ರೈಟರ್ ಸಾಕು. ಕಂಪನಿ ಮಾಡಿದರೆ ವ್ಯವಹಾರ ಒಂದು ರೂಪಾಯಿ ಇದ್ದರೂ ಆಡಿಟ್ ಆಗಬೇಕು, ಆರ್‌ಒಸಿಗೆ (ಕಂಪನಿಗಳ ರಿಜಿಸ್ಟ್ರಾರ್ ಕಚೇರಿ) ವರ್ಷವರ್ಷ ಕಾಗದ ಹೋಗಬೇಕು. ಅದಕ್ಕಿಂತ ದೊಡ್ಡ ನಷ್ಟ ತೆರಿಗೆಯದು. ಸಾಮಾನ್ಯವಾಗಿ 44ಎಡಿಎ ಎಂದು ಕರೆಯುವ ಅಂದಾಜು ಪದ್ಧತಿ ಕಂಪನಿಗಳಿಗೂ ಎಲ್‌ಎಲ್‌ಪಿಗಳಿಗೂ (ಸೀಮಿತ ಹೊಣೆಯ ಪಾಲುದಾರಿಕೆ) ಇಲ್ಲ. (2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ಸಂಖ್ಯೆ ಬದಲಾಗಿವೆ, ಲೆಕ್ಕಪತ್ರದವರ ಬಾಯಲ್ಲಿ ಹಳೆಯ ಹೆಸರೇ ಓಡಾಡುತ್ತಿದೆ.) ಎಂಜಿನಿಯರಿಂಗ್, ತಾಂತ್ರಿಕ ಸಲಹೆ ಮುಂತಾದ ಪಟ್ಟಿ ಮಾಡಿದ ವೃತ್ತಿಗಳವರು ವರ್ಷದ ಫೀಸು 50 ಲಕ್ಷದೊಳಗಿದ್ದರೆ, ನಗದು 5% ಮೀರದಿದ್ದರೆ 75 ಲಕ್ಷದವರೆಗೆ, ಅರ್ಧವನ್ನು ಆದಾಯವೆಂದು ತೋರಿಸಿ ತೆರಿಗೆ ಕಟ್ಟಬಹುದು. ವಿವರವಾದ ಲೆಕ್ಕದ ಪುಸ್ತಕ ಬೇಡ. 20.5 ಲಕ್ಷ ಬಂದರೆ ಆದಾಯ 10.25 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಯಾಯಿತಿ ಇರುವುದರಿಂದ ಬೇರೆ ಆದಾಯ ಇಲ್ಲದಿದ್ದರೆ ತೆರಿಗೆ ಬೀಳುವುದಿಲ್ಲ. ಕೆಲಸ ಬಿಡುವ ವರ್ಷ ಮಾತ್ರ ಆ ತಿಂಗಳುಗಳ ಸಂಬಳವೂ ಇದರ ಜೊತೆ ಕೂಡುತ್ತದೆ.

ಎರಡು ಎಚ್ಚರಿಕೆ. ಮ್ಯಾನೇಜ್‌ಮೆಂಟ್ ಕನ್ಸಲ್ಟೆನ್ಸಿ ಆ ಪಟ್ಟಿಯಲ್ಲಿ ಹೆಸರಿಸಿಲ್ಲ. ನಿಮ್ಮದು ಎಂಜಿನಿಯರಿಂಗ್ ಕೆಲಸ, ಬಿಲ್ಲಿನಲ್ಲೂ ಹಾಗೆಯೇ ಬರೆಯಿರಿ, ಚಂದಕ್ಕೆ ಬೇರೆ ಹೆಸರು ಕೊಡಬೇಡಿ. ಎರಡನೆಯದು, ತೆರಿಗೆ ಬೀಳುವ ವರ್ಷಗಳಲ್ಲಿ ಮುಂಗಡ ತೆರಿಗೆಯನ್ನು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಬೇಕು, ತಪ್ಪಿದರೆ ಬಡ್ಡಿ.

ಕೆಲಸ ಬಿಟ್ಟ ತಿಂಗಳಲ್ಲಿ ಉದ್ಯಮ್ ನೋಂದಣಿ (ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ದಾಖಲಾಗುವುದು) ಮಾಡಿಸಿ. ಆಧಾರ್, ಪ್ಯಾನ್ ಸಾಕು, ಸರ್ಕಾರಿ ಜಾಲತಾಣದಲ್ಲಿ ಶುಲ್ಕವೇ ಇಲ್ಲ. ದುಡ್ಡು ಕೇಳುವ ಜಾಲತಾಣ ಕಂಡರೆ ಅದು ಮಧ್ಯವರ್ತಿಯದು. ಚಟುವಟಿಕೆಯ ಕೋಡ್ 71100, ಎಂಜಿನಿಯರಿಂಗ್ ಮತ್ತು ತಾಂತ್ರಿಕ ಸಲಹೆ. ನೋಂದಣಿ ಕೆಲಸ ಒಪ್ಪಿಕೊಳ್ಳುವ ಮೊದಲೇ ಆಗಿರಬೇಕು, ಬಾಕಿ ಬಿದ್ದ ಮೇಲೆ ಮಾಡಿಸಿ ಹಿಂದಿನ ಬಿಲ್ಲಿಗೆ ಅನ್ವಯಿಸಲಾಗದು. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಕರಾರಿನಲ್ಲಿ ಏನೇ ಬರೆದಿದ್ದರೂ 45 ದಿನದೊಳಗೆ ಹಣ ಕೊಡಬೇಕು, ಕರಾರೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸರ್ಕಾರಿ ಜಾಲತಾಣದಲ್ಲಿ ದೂರು ಕೊಡಬಹುದು ನಿಜ, ಆದರೆ ಪೀಣ್ಯದಂಥ ಕಡೆ ಒಬ್ಬ ಮಾಲೀಕರ ಮೇಲೆ ದೂರು ಹಾಕಿದ ಸುದ್ದಿ ಸಂಜೆಯೊಳಗೆ ನಾಲ್ಕು ರಸ್ತೆ ದಾಟುತ್ತದೆ. ದೂರಿಗಿಂತ ಉಪಯೋಗಕ್ಕೆ ಬರುವುದು ಬಿಲ್ಲಿನ ಮೇಲೆ ಅಚ್ಚಾದ ಉದ್ಯಮ್ ಸಂಖ್ಯೆ. ಸಣ್ಣ ಉದ್ಯಮಕ್ಕೆ ಗಡುವಿನಲ್ಲಿ ಕೊಡದ ಹಣವನ್ನು ಖರ್ಚಾಗಿ ತೋರಿಸಲು, ನಿಜವಾಗಿ ಕೊಡುವ ವರ್ಷದವರೆಗೆ ಕಾಯಬೇಕು. ದೊಡ್ಡ ಕಂಪನಿಗಳ ಅಕೌಂಟ್ಸ್‌ನವರಿಗೆ ಇದು ಗೊತ್ತು, ಮಾರ್ಚ್ ಹತ್ತಿರ ಬಂದಂತೆ ಅವರೇ ಫೋನ್ ಮಾಡುತ್ತಾರೆ.

ವೃತ್ತಿ ತೆರಿಗೆ ವರ್ಷಕ್ಕೆ ಹೆಚ್ಚೆಂದರೆ 2,500. ಸಂಬಳದಲ್ಲಿ ಕಂಪನಿಯೇ ಮುರಿದುಕೊಳ್ಳುತ್ತಿತ್ತು, ಇನ್ನು ಮುಂದೆ ನೀವೇ ಕಟ್ಟಬೇಕು.

ಜಿಎಸ್‌ಟಿ ಮತ್ತು ಟಿಡಿಎಸ್

ಸೇವೆಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿ ಕಡ್ಡಾಯವಾಗುವ ಮಿತಿ ವರ್ಷಕ್ಕೆ 20 ಲಕ್ಷ. ಹೊಸೂರಿನ ಕಾರ್ಖಾನೆಗೆ ಕೆಲಸ ಮಾಡಿದರೂ, ಅಂದರೆ ಬೇರೆ ರಾಜ್ಯಕ್ಕೂ, ಇದೇ ಮಿತಿ. ಮೊದಲ ವರ್ಷ 11 ಲಕ್ಷವಾದರೆ ಕಡ್ಡಾಯವಲ್ಲ. ಗಿರಾಕಿಗಳೆಲ್ಲ ಸಣ್ಣವರಾದರೆ ಕಾಯಿರಿ. ದೊಡ್ಡ ಕಂಪನಿ ವೆಂಡರ್ ಕೋಡ್ ಕೊಡಲು ಜಿಎಸ್‌ಟಿ ನಂಬರ್ ಕೇಳಿದರೆ ಆಗ ಮಾಡಿಸಿ. ಮನೆ ವಿಳಾಸವೇ ಸಾಕು: ಕರೆಂಟ್ ಬಿಲ್, ಬಾಡಿಗೆ ಮನೆಯಾದರೆ ಕರಾರು ಮತ್ತು ಮಾಲೀಕರ ಒಪ್ಪಿಗೆ ಪತ್ರ. ಬೆಸ್ಕಾಂನವರು ಕಮರ್ಷಿಯಲ್ ಮೀಟರ್ ಹಾಕಿಬಿಡುತ್ತಾರೇನೋ ಎಂದು ಮನೆ ಮಾಲೀಕರು ಹಿಂಜರಿಯುವುದುಂಟು, ಮೊದಲೇ ಕೂತು ಮಾತಾಡಿ.

ನೋಂದಣಿ ಆದ ಮೇಲೆ ಒಂದು ಲಕ್ಷದ ಬಿಲ್ ಹೇಗೆ ಹರಿಯುತ್ತದೆ ನೋಡಿ. ಫೀಸು 1,00,000, ಜಿಎಸ್‌ಟಿ 18% ಸೇರಿ 1,18,000. ಕಂಪನಿ 10% ಟಿಡಿಎಸ್ (ನಿಮ್ಮ ಪರವಾಗಿ ಮೊದಲೇ ಹಿಡಿಯುವ ಆದಾಯ ತೆರಿಗೆ) ಮುರಿದು 1,08,000 ಕಳಿಸುತ್ತದೆ. ಅದರಲ್ಲಿ 18,000 ಸರ್ಕಾರದ್ದು. ನಿಮ್ಮದು 90,000. ಮುರಿದ 10,000 ಪ್ಯಾನ್ ಹೆಸರಲ್ಲಿ ಜಮೆಯಾಗಿ ರಿಟರ್ನ್ಸ್ ಹಾಕಿದಾಗ ಹೊಂದಿಕೆಯಾಗುತ್ತದೆ ಅಥವಾ ವಾಪಸ್ ಬರುತ್ತದೆ. ಬಿಲ್ಲಿನಲ್ಲಿ ಜಿಎಸ್‌ಟಿ ಬೇರೆ ಸಾಲಿನಲ್ಲಿ ತೋರಿಸದಿದ್ದರೆ 1,18,000ದ ಮೇಲೆ 11,800 ಮುರಿಯುತ್ತಾರೆ, ಆ ತಪ್ಪು ಸಾಮಾನ್ಯ. ಒಂದು ಕಂಪನಿಯಿಂದ ವರ್ಷಕ್ಕೆ 50,000 ಮೀರದಿದ್ದರೆ ಟಿಡಿಎಸ್ ಮುರಿಯಬೇಕಿಲ್ಲ. ಹೊಸೂರಿನ ಬಿಲ್ಲಿಗೆ ಪೂರ್ತಿ 18% ಐಜಿಎಸ್‌ಟಿ (ಅಂತರರಾಜ್ಯ ತೆರಿಗೆ), ಬೆಂಗಳೂರಿನದಕ್ಕೆ ಕೇಂದ್ರಕ್ಕೆ 9, ರಾಜ್ಯಕ್ಕೆ 9.

ಜಿಎಸ್‌ಟಿ ಕಟ್ಟುವ ಹೊಣೆ ಬಿಲ್ ಹಾಕಿದ ದಿನದಿಂದ, ಹಣ ಬಂದ ದಿನದಿಂದ ಅಲ್ಲ. ಜೂನ್ 28ಕ್ಕೆ ಬಿಲ್ ಹಾಕಿ ಹಣ ಸೆಪ್ಟೆಂಬರಿನಲ್ಲಿ ಬಂದರೂ ತೆರಿಗೆ ಜುಲೈನಲ್ಲೇ ಕಟ್ಟಬೇಕು, ನಿಮ್ಮ ಜೇಬಿನಿಂದ. ಅದಕ್ಕೇ ಮೊದಲು ಪ್ರೊಫಾರ್ಮಾ (ತೆರಿಗೆ ಹೊಣೆ ತರದ ಕರಡು ಬಿಲ್) ಕಳಿಸುತ್ತಾರೆ. ಆದರೆ ಕಂತು ಹಣ ಬಾಕಿಯಾದ ಮೇಲೆ ತಿಂಗಳುಗಟ್ಟಲೆ ನಿಜವಾದ ಬಿಲ್ ಹಾಕದೆ ಎಳೆಯುವಂತಿಲ್ಲ. ಮುಂಗಡ ಬಂದ ಕೂಡಲೇ ಅದರ ಮೇಲೂ ತೆರಿಗೆ ಬೀಳುತ್ತದೆ.

ರಾಜೀನಾಮೆಗೆ ಮೊದಲು

ಸಂಬಳದ ಚೀಟಿ ಇರುವಾಗಲೇ ಮನೆ ಸಾಲ, ಟಾಪ್-ಅಪ್, ಕ್ರೆಡಿಟ್ ಕಾರ್ಡ್ ಬೇಕಿದ್ದರೆ ಪಡೆದುಕೊಳ್ಳಿ. ಆಮೇಲೆ ಬ್ಯಾಂಕಿನವರು ಎರಡು ಮೂರು ವರ್ಷದ ರಿಟರ್ನ್ಸ್ ಕೇಳುತ್ತಾರೆ. ಕಂಪನಿಯ ಗುಂಪು ವಿಮೆ ಕೊನೆಯ ದಿನಕ್ಕೆ ನಿಲ್ಲುತ್ತದೆ. ಸ್ವಂತ ಪಾಲಿಸಿಯಲ್ಲಿ ಮೊದಲೇ ಇರುವ ಕಾಯಿಲೆಗೆ ಗರಿಷ್ಠ 3 ವರ್ಷ ಕಾಯಬೇಕಾಗಬಹುದು, ಆ ಗಡಿಯಾರ ಇವತ್ತೇ ಓಡಲು ಶುರುವಾಗಲಿ. ಗ್ರಾಚ್ಯುಟಿ (ದೀರ್ಘ ಸೇವೆಗೆ ಕಂಪನಿ ಕೊಡುವ ಇಡಿಗಂಟು) ಕೊನೆಯ ವೇತನದ ಮೇಲೆ ವರ್ಷಕ್ಕೆ 15 ದಿನದಂತೆ, ತಿಂಗಳನ್ನು 26 ದಿನವೆಂದು ಎಣಿಸಿ: ಇದಕ್ಕೆ ಲೆಕ್ಕ ಹಿಡಿಯುವ ವೇತನ 60,000 ಇದ್ದರೆ 14 ವರ್ಷಕ್ಕೆ ಸುಮಾರು 4.85 ಲಕ್ಷ. ಒಂಬತ್ತು ತಿಂಗಳ ಮೀಸಲಿಗೆ ಅದನ್ನು ಸೇರಿಸಬಹುದು. ಪಿಎಫ್ ಮುಟ್ಟಬೇಡಿ.

ಗಿರಾಕಿ ಹುಡುಕಲು ಕಾಸಿಯಾ (ರಾಜ್ಯದ ಸಣ್ಣ ಕೈಗಾರಿಕೆಗಳ ಸಂಘ), ಪೀಣ್ಯ ಕೈಗಾರಿಕಾ ಸಂಘದ ಸಭೆಗಳಿಗೆ ಹೋಗುವುದು ಸರಿ. ಅದಕ್ಕಿಂತ ಬೇಗ ಸುದ್ದಿ ಸಿಗುವುದು ಇನ್ಸರ್ಟ್ (ಲೋಹ ಕತ್ತರಿಸುವ ಟೂಲಿನ ಅಂಚು) ಮಾರುವ ಸೇಲ್ಸ್‌ನವರಿಂದ, ಗೇಜ್ ಕ್ಯಾಲಿಬ್ರೇಶನ್ ಲ್ಯಾಬಿನ ಹುಡುಗರಿಂದ. ದಿನಕ್ಕೆ ನಾಲ್ಕು ಶಾಪ್ ಹೊಕ್ಕು ಬರುವ ಜನ ಅವರು, ಎಲ್ಲಿ ಕಸ್ಟಮರ್ ಕಂಪ್ಲೇಂಟ್ ಬಂದು ಮಾಲೀಕರು ತಲೆ ಮೇಲೆ ಕೈಹೊತ್ತು ಕೂತಿದ್ದಾರೆ ಎನ್ನುವುದು ಅವರಿಗೆ ಗೊತ್ತು.

ಇನ್ನು ನಿಮ್ಮ ಆ ಇಬ್ಬರು ಸಪ್ಲೈಯರ್‌ಗಳು. ಅವರ ಲಾಟ್ ಪಾಸೋ ಫೇಲೋ ಎಂದು ಸಹಿ ಹಾಕುವವರು ನೀವು. ನಿಮ್ಮೆದುರು ಅವರು ಆಡಿದ ಮಾತಿನಲ್ಲಿ ಕುರ್ಚಿಗೆ ಸಲ್ಲುವ ಮರ್ಯಾದೆ ಎಷ್ಟು, ನಿಮಗೆ ಸಲ್ಲುವುದು ಎಷ್ಟು ಎಂದು ಈಗ ಅಳೆಯಲಾಗದು. 55,000ದ ತಪಾಸಣೆಗೆ ಮುಂಗಡ ಕೊಟ್ಟವರನ್ನಷ್ಟೇ ಗಿರಾಕಿ ಎಂದು ಎಣಿಸಿ. ಕೆಲಸದಲ್ಲಿರುವಾಗ ಅವರಿಂದ ಒಂದು ರೂಪಾಯಿಯೂ ಬೇಡ, ಕಂಪನಿಯ ಡ್ರಾಯಿಂಗ್, ಕಂಟ್ರೋಲ್ ಪ್ಲಾನ್, ಬೆಲೆಪಟ್ಟಿ ಯಾವುದೂ ಪೆನ್‌ಡ್ರೈವಿನಲ್ಲಿ ಹೊರಗೆ ಬರಬಾರದು. ಕೆಲಸ ಬಿಟ್ಟ ಮೇಲೆ ಇಂಥ ವೃತ್ತಿ ಮಾಡಕೂಡದು ಎಂಬ ನೇಮಕಾತಿ ಪತ್ರದ ಷರತ್ತು 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಎದುರು ನಿಲ್ಲುವುದಿಲ್ಲ, ಗೋಪ್ಯತೆಯ ಷರತ್ತು ಮಾತ್ರ ನಿಲ್ಲುತ್ತದೆ.

ಈ ಗಂಟು ಬಿಡಿಸಲು ನಿಮ್ಮ ಕಂಪನಿ ಹೇಳಿದ ರಿಟೇನರ್ ಅನ್ನೇ ಬಳಸಿಕೊಳ್ಳಿ. ತಿಂಗಳಿಗೆ 3 ದಿನ, 18,500ರಂತೆ 55,500, ಆರು ತಿಂಗಳ ಅವಧಿ, ಬಳಸದ ದಿನ ಮುಂದಿನ ತಿಂಗಳಿಗೆ ಹೋಗದು. ಅದಕ್ಕಿಂತ ಹೆಚ್ಚು ದಿನ ಕೊಟ್ಟರೆ ವರ್ಷದ 110ರಲ್ಲಿ ಮೂರನೇ ಒಂದು ಭಾಗ ದಾಟಿ, ಅವರು ಒಂದು ದಿನ ನಿಲ್ಲಿಸಿದಾಗ ನಿಮ್ಮ ಕಾಲಡಿಯ ನೆಲ ಜಾರುತ್ತದೆ. ಪಂಚಿಂಗ್, ರಜೆ ಅರ್ಜಿ, ಹಳೆಯ ಮೇಜು ಇಂಥದ್ದಕ್ಕೆಲ್ಲ ಒಪ್ಪಬೇಡಿ: ನೌಕರನಂತೆ ನಡೆಸಿಕೊಂಡರೆ ತೆರಿಗೆ ಇಲಾಖೆ ಅದನ್ನು ಸಂಬಳ ಎನ್ನಬಹುದು, ಅರ್ಧ ಆದಾಯದ ಅನುಕೂಲ ಹೋಗುತ್ತದೆ. ಆ ಪತ್ರದಲ್ಲೇ ಒಂದು ಸಾಲು ಕೇಳಿ ಹಾಕಿಸಿಕೊಳ್ಳಿ: "ಕಂಪನಿಯ ಸಪ್ಲೈಯರ್‌ಗಳಿಗೂ ಇವರು ಸ್ವತಂತ್ರವಾಗಿ ಸಲಹೆ ನೀಡಬಹುದು; ಅಂಥ ಸಪ್ಲೈಯರ್‌ಗಳ ಮಾಲಿನ ತಪಾಸಣೆ, ರೇಟಿಂಗ್ ಇವರು ಮಾಡುವುದಿಲ್ಲ." ಪರ್ಚೇಸ್ ಮುಖ್ಯಸ್ಥರ ಸಹಿ ಅದಕ್ಕೆ ಬಿದ್ದ ಮೇಲೆ ಆ ಇಬ್ಬರಲ್ಲಿ ರಿಜೆಕ್ಷನ್ ಹೆಚ್ಚಿರುವವರಿಗೆ ಮೊದಲು ಫೋನ್ ಮಾಡಿ.